ಸ್ಫ್ಯಾಗ್ನಮ್ ಹಾವಸೆಯಲ್ಲಿ ರೋಟಿಫರ್‌ಗಳನ್ನು ಹುಡುಕುವ ಕ್ರಮ

ಸ್ಕಾಟ್ಲೆಂಡಿನ ಉತ್ತರ ತುದಿಯಲ್ಲಿರುವ, 2024ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಫ್ಲೋ ಕಂಟ್ರಿಯಂತಹ ಪೀಟ್ (ಅರೆಕೊಳೆತ ಸಸ್ಯಗಳ ಪದರ) ಜೌಗಿಗೆ ಹೋದವರು ಮೊದಲು ಕಣ್ಣು ಹಾಯಿಸುವುದು ಅಲ್ಲಿನ ಕಪ್ಪು ನೀರಿನ ಹೊಂಡಗಳತ್ತ. ರೋಟಿಫರ್‌ಗಳನ್ನು, ಅಂದರೆ ಸೂಕ್ಷ್ಮದರ್ಶಕದಲ್ಲಿ ಕಾಣುವ ನೀರಿನ ಪುಟ್ಟ ಪ್ರಾಣಿಗಳನ್ನು, ನೋಡಬೇಕೆನ್ನುವವರು ಹೊಂಡದ ಬದಲು ಸ್ಫ್ಯಾಗ್ನಮ್ ಹಾವಸೆಯಿಂದ ಆರಂಭಿಸುವುದು ಲೇಸು. ಈ ಹಾವಸೆಯ ಎಲೆ ಒಂದೇ ಕೋಶದಷ್ಟು ದಪ್ಪವಿದ್ದು, ಹಸಿರು ಕೋಶಗಳ ನಡುವೆ ರಂಧ್ರಗಳುಳ್ಳ ನಿರ್ಜೀವ ಕೋಶಗಳು ನೀರನ್ನು ತುಂಬಿಕೊಂಡಿರುತ್ತವೆ. ಕೆಲವು ರೋಟಿಫರ್‌ಗಳು ಆ ಕೋಶಗಳ ಒಳಗೇ ವಾಸಿಸುತ್ತವೆ.

ಸ್ಥಳ ಸಂರಕ್ಷಿತವಾಗಿದ್ದರೆ ಅನುಮತಿ ಪಡೆದು, ಹಲಗೆಯ ಕಾಲುದಾರಿಯ ಅಂಚಿನಲ್ಲೇ ಕುಳಿತು, ಒಂದು ಹಿಡಿ ಹಾವಸೆಯನ್ನು ಶುಭ್ರವಾದ ಸೀಸೆಯ ಮೇಲೆ ಹಿಂಡಿ, ಅದನ್ನು ಇದ್ದಲ್ಲಿಯೇ ಮರಳಿ ಇಡಬೇಕು. ನಾಲ್ಕೈದು ಎಳೆಗಳನ್ನು ಮಾತ್ರ ಸೀಸೆಗೆ ಹಾಕಿಕೊಂಡರೆ ಸಾಕು. ನೀರು ಕಡಿಮೆಯಾಯಿತೆಂದು ನಲ್ಲಿ ನೀರನ್ನು ಬೆರೆಸಕೂಡದು. ಜೌಗಿನ ನೀರು ಆಮ್ಲೀಯ, ಅದರ ಪಿಎಚ್ ಸಾಮಾನ್ಯವಾಗಿ 4ರ ಆಸುಪಾಸಿನಲ್ಲಿರುತ್ತದೆ, ಖನಿಜಾಂಶವೂ ತೀರಾ ಕಡಿಮೆ.

ಸೀಸೆಯನ್ನು ಅಲುಗಾಡಿಸದೆ ಅರ್ಧ ಗಂಟೆ ಬಿಟ್ಟು, ತಳದ ಗಸಿಯಿಂದ ಡ್ರಾಪರಿನಲ್ಲಿ ಒಂದು ಹನಿ ತೆಗೆದು ಸ್ಲೈಡಿನ ಮೇಲೆ ಹಾಕಿ. ಹನಿಯನ್ನು ಮುಚ್ಚುವ ತೆಳು ಗಾಜಿನ, ಅಂದರೆ ಕವರ್ ಸ್ಲಿಪ್ಪಿನ, ನಾಲ್ಕು ಮೂಲೆಗಳಿಗೆ ಚೂರು ವ್ಯಾಸಲೀನ್ ಹಚ್ಚಿದರೆ ಜೀವಿಗಳು ಅದರ ಒತ್ತಡಕ್ಕೆ ನಜ್ಜುಗುಜ್ಜಾಗುವುದಿಲ್ಲ. ಸೂಕ್ಷ್ಮದರ್ಶಕದ 100 ಪಟ್ಟು ವರ್ಧನೆಯಲ್ಲಿ, ಜಿಗಣೆಯಂತೆ ಮೈಯನ್ನು ಹಿಗ್ಗಿಸಿ ಕುಗ್ಗಿಸಿ ತೆವಳುವುದು ಬ್ಡೆಲಾಯ್ಡ್ ಎಂಬ ಗುಂಪಿನ ರೋಟಿಫರ್. ಅದು ಬಾಲದ ತುದಿಯನ್ನು ಊರಿ ನಿಂತಾಗ ತಲೆಯ ಮೇಲೆ ಎರಡು ಚಕ್ರಗಳು ತಿರುಗುತ್ತಿರುವಂತೆ ಕಾಣುತ್ತವೆ. ವಾಸ್ತವದಲ್ಲಿ ತಿರುಗುವುದು ಏನೂ ಇಲ್ಲ, ಸೂಕ್ಷ್ಮ ರೋಮಗಳು ಒಂದರ ಹಿಂದೊಂದು ಬಾಗುತ್ತಿರುತ್ತವೆ ಅಷ್ಟೆ. ತಲೆಯ ಕೆಳಗೆ, ಪಾರದರ್ಶಕ ಮೈಯೊಳಗೆ, ಆಹಾರ ಅರೆಯುವ ದವಡೆಗಳನ್ನೂ ಗಮನಿಸಿ. ಗಂಡನ್ನು ಹುಡುಕುವ ಶ್ರಮ ಬೇಡ. ಬ್ಡೆಲಾಯ್ಡ್‌ಗಳಲ್ಲಿ ಗಂಡು ಈವರೆಗೆ ಯಾರಿಗೂ ಕಂಡಿಲ್ಲ.

ಹೆಚ್ಚು ಎಡವುವುದು ಹೂಜಿಯಾಕಾರದ ಚಿಪ್ಪುಗಳ ವಿಷಯದಲ್ಲಿ. ಹ್ಯಾಬ್ರೊಟ್ರೋಕ ಆಂಗಸ್ಟಿಕೊಲಿಸ್ ಎಂಬ ರೋಟಿಫರ್ ಅಂತಹ ಚಿಪ್ಪಿನಲ್ಲಿರುತ್ತದೆ, ಅದೇ ಹಾವಸೆಯಲ್ಲಿ ಚಿಪ್ಪುಳ್ಳ ಅಮೀಬಾಗಳೂ ಧಾರಾಳವಾಗಿರುತ್ತವೆ. ಆದುದರಿಂದ ಬೆಳಕನ್ನು ತಗ್ಗಿಸಿ ಕಾಯಬೇಕು: ಚಿಪ್ಪಿನ ಬಾಯಿಂದ ರೋಮಗಳುಳ್ಳ ತಲೆ ಹೊರಬಂದರೆ ಅದು ರೋಟಿಫರ್, ನಿಧಾನವಾಗಿ ಚಾಚಿಕೊಳ್ಳುವ ಮಿಥ್ಯಾಪಾದಗಳು (ಕಾಲಿನಂತೆ ಹೊರಚಾಚುವ ಮೈಯ ಭಾಗಗಳು) ಕಂಡರೆ ಅಮೀಬಾ.

ಫಾರ್ಮಲಿನ್ ಅಥವಾ ಮದ್ಯಸಾರ ಹಾಕಿ ಕಾದಿರಿಸುವ ರೂಢಿ ಇಲ್ಲಿ ಕೆಲಸಕ್ಕೆ ಬಾರದು, ಏಕೆಂದರೆ ಬ್ಡೆಲಾಯ್ಡ್‌ಗಳು ತಕ್ಷಣ ಮುದುಡಿ ಗುರುತೇ ಸಿಗದ ಉಂಡೆಯಾಗುತ್ತವೆ. ಜೀವಂತವಾಗಿರುವಾಗಲೇ ಚಿತ್ರ ಬರೆಯಿರಿ ಅಥವಾ ವಿಡಿಯೊ ಮಾಡಿಕೊಳ್ಳಿ. ಹಿಂಡಿದರೂ ಎಲೆಗೆ ಅಂಟಿಕೊಂಡೇ ಉಳಿಯುವ ಜೀವಿಗಳಿರುವುದರಿಂದ, ಕೊನೆಯಲ್ಲಿ ಸೂಜಿಯಿಂದ ಒಂದೆರಡು ಎಲೆಗಳನ್ನು ಬಿಡಿಸಿ, ಸ್ಲೈಡಿನ ಮೇಲೆ ಹರಡಿ, 400 ಪಟ್ಟು ವರ್ಧನೆಯಲ್ಲಿ ರಂಧ್ರಗಳುಳ್ಳ ಕೋಶಗಳನ್ನು ಒಂದೊಂದಾಗಿ ನೋಡಿ.