ಹಸಿರು ವಜ್ರದ ಬಣ್ಣ ಹುಟ್ಟಿಂದ ಬಂದಿದ್ದಾ, ಮೆಷಿನಲ್ಲಿ ಬಂದಿದ್ದಾ?

ತುಮಕೂರು ಕಡೆ ಹಸಿರು ಹರಳು ಅಂದ್ರೆ ಎಲ್ರೂ ಪಚ್ಚೆ ಅನ್ಕೋತಾರೆ, ಹಸಿರು ವಜ್ರಾನೂ ಇರುತ್ತೆ ಅಂದ್ರೆ ನಗ್ತಾರೆ. ಇರುತ್ತೆ, ಆದ್ರೆ ಅಪರೂಪ, ಅದಕ್ಕೇ ಯಾರಾದ್ರೂ "ನ್ಯಾಚುರಲ್ ಕಲರ್ ಸಾರ್, ನಿಮಗೆ ಅಂತ ಕಡಿಮೆಗೆ" ಅಂದ್ರೆ ಮೊದ್ಲು ಡೌಟ್ ಪಡಿ. ಮನೇಲಿ ಕೂತು ನೋಡಿದ್ರೆ "ಇದು ಟ್ರೀಟ್ ಮಾಡಿದ್ದು", ಅಂದ್ರೆ ಮೆಷಿನಲ್ಲಿ ಬಣ್ಣ ಬರಿಸಿದ್ದು, ಅಂತ ಕೆಲವು ಸಲ ಗೊತ್ತಾಗುತ್ತೆ, ಬಣ್ಣ ನ್ಯಾಚುರಲ್ಲೇ ಅಂತ ಮಾತ್ರ ಕಣ್ಣಲ್ಲಿ ನೋಡಿ ಹೇಳಕ್ಕಾಗಲ್ಲ.

ಯಾಕಂದ್ರೆ ಸಾಮಾನ್ಯವಾಗಿ ಎರಡಕ್ಕೂ ಕಾರಣ ರೇಡಿಯೇಶನ್ನೇ. ಭೂಮಿ ಒಳಗೆ ಯುರೇನಿಯಂ ಇರೋ ಖನಿಜದ ಪಕ್ಕ ಯುಗಗಟ್ಟಲೆ ಬಿದ್ದಿದ್ರೆ ವಜ್ರದಲ್ಲಿ ಕಾರ್ಬನ್ ಪರಮಾಣುಗಳು ಕದಲಿ ಖಾಲಿ ಜಾಗ ಉಳಿಯುತ್ತೆ, ಅದು ಕೆಂಪು ಬೆಳಕನ್ನ ಹೀರ್ಕೊಂಡು ಕಲ್ಲು ಹಸಿರು ಕಾಣುತ್ತೆ. ರಿಯಾಕ್ಟರಲ್ಲೋ ಎಲೆಕ್ಟ್ರಾನ್ ಮೆಷಿನಲ್ಲೋ ಅದೇ ಕೆಲಸ ಬೇಗ ಆಗುತ್ತೆ ಅಷ್ಟೆ. 1904ರಲ್ಲೇ ಬ್ರಿಟಿಷ್ ವಿಜ್ಞಾನಿ ವಿಲಿಯಂ ಕ್ರೂಕ್ಸ್ ರೇಡಿಯಂ ಲವಣ ಬಳಸಿ ವಜ್ರಾನ ಹಸಿರು ಮಾಡಿದ್ರು, ಅಂಥ ಹಳೇ ಕಲ್ಲು ಇವತ್ತಿಗೂ ರೇಡಿಯೋಆಕ್ಟಿವ್ ಇರುತ್ತೆ, ಮೈಮೇಲೆ ಹಾಕೋ ಹಾಗಿಲ್ಲ.

ಅಜ್ಜಿ ಕಾಲದ ಓಲೆ, ಮೂಗುಬೊಟ್ಟು ಆದ್ರೆ ಹಿಂದುಗಡೆ ಮುಚ್ಚಿದ್ಯಾ ನೋಡಿ, ಒಳಗೆ ಬಣ್ಣದ ಫಾಯಿಲ್ ಇದ್ರೆ ಬಿಳಿ ಕಲ್ಲೂ ಹಸಿರು ಕಾಣುತ್ತೆ. ಆಚಾರ್ ಹತ್ರ ಕಲ್ಲು ಬಿಚ್ಚಿಸಿ, ಆದ್ರೆ ಕಲ್ಲು ಕೂತಿರುವಾಗ್ಲೇ ಬೆಂಕಿ ಹಿಡಿಯಕ್ಕೆ ಬಿಡ್ಬೇಡಿ, ಜೋರು ಬಿಸಿಗೆ ಈ ಹಸಿರು ಹಳದಿ, ಕಂದು ಕಡೆ ತಿರುಗಿಬಿಡುತ್ತೆ. ಪೆನ್ ತರ ಇರೋ ಡೈಮಂಡ್ ಟೆಸ್ಟರ್ ಕೀಂ ಅಂದ್ರೆ ಖುಷಿ ಪಡೋದೇನಿಲ್ಲ, ಅದಕ್ಕೆ ಬಣ್ಣದ ಕಥೆ ಗೊತ್ತಿಲ್ಲ, ಲ್ಯಾಬಲ್ಲಿ ಬೆಳೆದ ವಜ್ರಕ್ಕೂ ಹಂಗೇ ಕೂಗುತ್ತೆ.

ಈಗ ಕಲ್ಲನ್ನ ಸೋಪು ನೀರಲ್ಲಿ ತೊಳೆದು, ಬಿಳಿ ಹಾಳೆ ಮೇಲೆ ತಲೆಕೆಳಗಾಗಿಟ್ಟು, ಚೂಪು ತುದಿ ಮೇಲೆ ಬರೋ ಹಾಗೆ, 10 ಪಟ್ಟು ದೊಡ್ಡದಾಗಿ ತೋರಿಸೋ ಲೂಪಲ್ಲಿ, ಅಂದ್ರೆ ಆಭರಣದವರ ಭೂತಗನ್ನಡಿಯಲ್ಲಿ ನೋಡಿ. ಆ ತುದಿ ಸುತ್ತ ಬಿಚ್ಚಿದ ಕೊಡೆ ತರ ಬಣ್ಣದ ಆಕಾರ ಕಂಡ್ರೆ ಸೈಕ್ಲೋಟ್ರಾನಲ್ಲಿ, ಅಂದ್ರೆ ಕಣಗಳನ್ನ ಜೋರಾಗಿ ಹೊಡೆಯೋ ಮೆಷಿನಲ್ಲಿ, ಇಟ್ಟು ತೆಗೆದಿದ್ದು. ಬಣ್ಣ ಒಳಗೆ ಹರಡದೆ ಕಟ್ ಮಾಡಿದ ಮುಖಗಳ ಅಂಚಿಗೆ ಅಂಟ್ಕೊಂಡು ಪಾಲಿಶ್ ಮಾಡಿದ ಆಕಾರವನ್ನೇ ಫಾಲೋ ಮಾಡ್ತಿದ್ರೂ ಅನುಮಾನ ಪಡಿ, ಕಟಿಂಗ್ ಆದ್ಮೇಲೆ ಬಂದ ಬಣ್ಣ ಅದು. ಆಮೇಲೆ ಕಲ್ಲಿನ ಸೊಂಟದ ಸುತ್ತ, ಗರ್ಡಲ್ ಅಂತಾರಲ್ಲ ಅಲ್ಲಿ, ಪಾಲಿಶ್ ಆಗದೆ ಉಳಿದ ಚೂರು ಹಳೇ ಚರ್ಮ ಇದ್ಯಾ, ಅದ್ರ ಮೇಲೆ ಹಸಿರು ಅಥವಾ ಕಂದು ಮಚ್ಚೆ ಇದ್ಯಾ ನೋಡಿ. ಇದ್ರೆ ಒಳ್ಳೇ ಸೂಚನೆ, ಆದ್ರೆ ಪ್ರೂಫ್ ಅಲ್ಲ, ಮಚ್ಚೆ ಇರೋ ಕಲ್ಲನ್ನೇ ತಗೊಂಡು ಮತ್ತೆ ಮೆಷಿನಿಗೆ ಹಾಕಿರಬಹುದು.

ಇಲ್ಲಿಂದಾಚೆ ದೊಡ್ಡ ಲ್ಯಾಬ್ ಕೆಲಸ. ಅಲ್ಲಿ ಕಲ್ಲನ್ನ ಲಿಕ್ವಿಡ್ ನೈಟ್ರೋಜನ್ನಲ್ಲಿ ತಣ್ಣಗೆ ಮಾಡಿ ಸ್ಪೆಕ್ಟ್ರಮ್ ತೆಗೀತಾರೆ, ಅಂದ್ರೆ ಕಲ್ಲು ಯಾವ್ಯಾವ ಬೆಳಕನ್ನ ಹೀರ್ಕೊಳ್ಳುತ್ತೆ ಅಂತ ಅಳೀತಾರೆ. ಆ ಖಾಲಿ ಜಾಗಗಳಿಂದ ಬರೋ 741 ನ್ಯಾನೋಮೀಟರ್ ಗೆರೆ ನ್ಯಾಚುರಲ್, ಟ್ರೀಟೆಡ್ ಎರಡರಲ್ಲೂ ಬರೋದ್ರಿಂದ ಬೇರೆ ಗೆರೆಗಳನ್ನೂ ಜೋಡಿಸಿ ನೋಡ್ಬೇಕು. ಜರ್ಮನಿಯಲ್ಲಿರೋ ಸುಮಾರು 41 ಕ್ಯಾರೆಟ್ಟಿನ ಡ್ರೆಸ್ಡನ್ ಗ್ರೀನ್ ಅನ್ನೋ ಹಸಿರು ವಜ್ರ 1740ರ ದಶಕದಿಂದ ಅಲ್ಲಿನ ರಾಜಮನೆತನದ ಕೈಲಿತ್ತು, ಮೆಷಿನ್ ಹುಟ್ಟೋಕೆ ಮುಂಚೆ, ಅದಕ್ಕೇ ಅದ್ರ ಬಣ್ಣದ ಬಗ್ಗೆ ತಕರಾರಿಲ್ಲ. ಅಂಥ ಜಾತಕ ಇಲ್ಲದ ಕಲ್ಲಿಗೆ ವಜ್ರ ಪರೀಕ್ಷೆ ಮಾಡೋ ಅಮೆರಿಕದ ಸಂಸ್ಥೆ ಜಿಐಎನೇ ಕೆಲವು ಸಲ "ಅನ್‌ಡಿಟರ್ಮಿನ್ಡ್", ಅಂದ್ರೆ ಬಣ್ಣ ಎಲ್ಲಿಂದ ಬಂತು ಅಂತ ತೀರ್ಮಾನ ಆಗಿಲ್ಲ, ಅಂತ ಬರ್ದು ಕೊಡುತ್ತೆ.

ರಿಪೋರ್ಟ್ ಬಂದಾಗ "ನ್ಯಾಚುರಲ್ ಡೈಮಂಡ್" ಅನ್ನೋದನ್ನ ನೋಡಿ ದುಡ್ಡು ಎಣಿಸ್ಬೇಡಿ. ಕಲ್ಲು ನ್ಯಾಚುರಲ್ ಇದ್ದು ಬಣ್ಣ ಮಾತ್ರ ಟ್ರೀಟೆಡ್ ಇರಬಹುದು. ಕಲರ್ ಆರಿಜಿನ್ ಅಂತ ಬೇರೆ ಸಾಲಿರುತ್ತೆ, ಅದನ್ನ ಓದಿ, ಬಿಲ್ಲಲ್ಲೂ ಅದೇ ಬರೆಸ್ಕೊಳ್ಳಿ.