ಸೀಲ್ ಹಾಕುವ ಮುಂಚೆ ಪೈಪ್ ನೋಡಿ: ಮನೆಯಲ್ಲೇ ಮಾಡಿದ ಫೋರ್ಕ್ ರಿಪೇರಿ

ಕರಾವಳಿಯಲ್ಲಿ ಬೈಕ್ ಇಟ್ಟುಕೊಂಡವರಿಗೆ ಮುಂದಿನ ಶಾಕ್‌ಅಬ್ಸಾರ್ಬರ್, ಅಂದರೆ ಫೋರ್ಕ್, ಲೀಕ್ ಆಗೋದು ಹೊಸ ವಿಷಯವಲ್ಲ. ಉಪ್ಪು ಗಾಳಿ, ನಾಲ್ಕು ತಿಂಗಳ ಮಳೆ, ಹೆದ್ದಾರಿಯ ಕೆಸರು. ನನ್ನ 100 ಸಿಸಿ ಬೈಕಿನ ಬಲಗಡೆ ಫೋರ್ಕ್‌ಗೆ ಗ್ಯಾರೇಜಿನಲ್ಲಿ ಹೊಸ ಸೀಲ್ (ಎಣ್ಣೆ ಹೊರಬರದಂತೆ ತಡೆಯುವ ರಬ್ಬರ್ ಉಂಗುರ) ಹಾಕಿಸಿದ್ದೆ. ಮಳೆಗಾಲ ಮುಗಿಯುವಷ್ಟರಲ್ಲಿ ಅಲ್ಲೇ ಮತ್ತೆ ಎಣ್ಣೆ. ಈ ಸಲ ನಾನೇ ಬಿಚ್ಚೋಣ ಅಂತ ಕೂತೆ.

ಫೋರ್ಕ್ ಒಳಗಿನ ಕೆಲಸ ಸರಳ. ಸ್ಪ್ರಿಂಗ್ ಭಾರ ಹೊರುತ್ತದೆ, ಎಣ್ಣೆ ಅದರ ಕುಣಿತ ತಡೆಯುತ್ತದೆ. ಗುಂಡಿಗೆ ಇಳಿದಾಗ ಎಣ್ಣೆ ಸಣ್ಣ ತೂತುಗಳ ಮೂಲಕ ಕಷ್ಟಪಟ್ಟು ನುಗ್ಗಬೇಕು. ಸಿರಿಂಜ್ ಒತ್ತಿದಾಗ ಕೈಗೆ ಸಿಗುವ ತಡೆ ಇದೆಯಲ್ಲ, ಅದೇ ಇದು. ಎಣ್ಣೆ ಸೋರಿ ಕಡಿಮೆಯಾದರೆ ಹಂಪ್ ದಾಟಿದ ಮೇಲೂ ಹ್ಯಾಂಡಲ್ ಕುಣಿಯುತ್ತಲೇ ಇರುತ್ತದೆ. ಡಿಸ್ಕ್ ಬ್ರೇಕ್ ಇರುವ ಗಾಡಿಯಾದರೆ ಇನ್ನೂ ಕಷ್ಟ. ಎಣ್ಣೆ ಡಿಸ್ಕ್ ಮೇಲೆ ಬಿದ್ದರೆ ಬ್ರೇಕ್ ಹಿಡಿಯೋದಿಲ್ಲ.

ಬೈಕನ್ನು ಮೇನ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಎಂಜಿನ್ ಕೆಳಗೆ ಮರದ ದಿಮ್ಮಿ ಕೊಟ್ಟೆ. ಚಕ್ರ, ಮಡ್‌ಗಾರ್ಡ್ ತೆಗೆಯೋದು ಯಾರಿಗಾದರೂ ಗೊತ್ತು. ಗೊತ್ತಿರಬೇಕಾದ್ದು ಫೋರ್ಕ್ ತಳದ ಅಲೆನ್ ಬೋಲ್ಟ್ (ತಲೆಯಲ್ಲಿ ಆರು ಮೂಲೆಯ ತೂತಿರುವ ಬೋಲ್ಟ್) ವಿಷಯ. ಸ್ಪ್ರಿಂಗ್ ತೆಗೆದ ಮೇಲೆ ಅದನ್ನು ಬಿಚ್ಚಲು ಹೋದರೆ ಒಳಗಿನ ರಾಡ್ ಕೂಡ ಜೊತೆಗೇ ತಿರುಗುತ್ತದೆ, ಬೋಲ್ಟ್ ಅಲ್ಲಾಡೋದಿಲ್ಲ. ಹಾಗಾಗಿ ಸ್ಪ್ರಿಂಗ್ ಒಳಗಿರುವಾಗಲೇ ಒಬ್ಬರು ಫೋರ್ಕನ್ನು ಒತ್ತಿ ಹಿಡಿಯಬೇಕು, ಇನ್ನೊಬ್ಬರು ಬೋಲ್ಟನ್ನು ಸ್ವಲ್ಪ ಸಡಿಲ ಮಾಡಬೇಕು. ನಮ್ಮನೆಯಲ್ಲಿ ಒತ್ತುವ ಕೆಲಸ ತಮ್ಮನದು. ಮೇಲಿನ ಕ್ಯಾಪ್ ಬಿಚ್ಚುವಾಗ ಮುಖ ಅಡ್ಡ ಇಡಬೇಡಿ. ಕೊನೆಯ ಸುತ್ತಿನಲ್ಲಿ ಸ್ಪ್ರಿಂಗ್ ಅದನ್ನು ಎತ್ತಿ ಎಸೆಯುತ್ತದೆ.

ಒಳಗಿಂದ ಬಂದದ್ದು ಎಣ್ಣೆ ಅನ್ನೋದಕ್ಕಿಂತ ಬೂದು ಬಣ್ಣದ ಗಂಜಿ. ಕೆಟ್ಟ ವಾಸನೆ ಬೇರೆ. ಧೂಳು ತಡೆಯುವ ಡಸ್ಟ್ ಸೀಲ್, ಅದರ ಕೆಳಗಿನ ತಂತಿ ಕ್ಲಿಪ್ ತೆಗೆದು, ಅಲ್ಯೂಮಿನಿಯಂ ಅಂಚಿಗೆ ಗೀರು ಬೀಳದಂತೆ ಬಟ್ಟೆ ಇಟ್ಟು, ದಪ್ಪ ಸ್ಕ್ರೂ ಡ್ರೈವರ್‌ನಿಂದ ಹಳೇ ಸೀಲ್ ಎಬ್ಬಿಸಿದೆ. ಅದರ ತುಟಿ, ಅಂದರೆ ಪೈಪಿಗೆ ಒತ್ತಿಕೊಳ್ಳುವ ಒಳ ಅಂಚು, ಒಂದು ಕಡೆ ಹರಿದಿತ್ತು.

ಹರಿದದ್ದು ಯಾಕೆ? ಫೋರ್ಕಿನ ಹೊರಕೊಳವೆಯೊಳಗೆ ಜಾರುವ ಕ್ರೋಮ್ ಒಳಪೈಪನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಅದರ ಮೇಲೆ ಹತ್ತಿ ಉಂಡೆಯನ್ನು ನಿಧಾನಕ್ಕೆ ಓಡಿಸಿದೆ. ಬರಿಗಣ್ಣಿಗೆ ನುಣ್ಣಗೆ ಕಾಣುವ ಕಡೆ ಹತ್ತಿಯ ಎಳೆ ಸಿಕ್ಕಿಕೊಂಡಿತು. ಅಲ್ಲಿ ಸಾಸಿವೆಗಿಂತ ಚಿಕ್ಕ ತುಕ್ಕಿನ ಚುಕ್ಕೆ, ಅದರ ಅಂಚಿನಲ್ಲಿ ಕ್ರೋಮ್ ಎದ್ದಿತ್ತು. ಸೀಲ್ ತುಟಿ ಪ್ರತಿ ಗುಂಡಿಗೂ ಅದರ ಮೇಲೆ ಹಾದು ಹೋಗುತ್ತದೆ. ಎಷ್ಟು ಹೊಸ ಸೀಲ್ ಹಾಕಿದರೂ ಈ ಅಂಚು ಅದನ್ನು ಹರಿಯುತ್ತಲೇ ಇರುತ್ತದೆ, ಅಲ್ವಾ? ಆದರೂ ಸೀಲ್ ಮಾತ್ರ ಬದಲಿಸಿ ಕಳಿಸುವುದು ಎಷ್ಟೋ ಕಡೆ ರೂಢಿ. ಪೈಪ್ ನೋಡುವಷ್ಟು ಪುರುಸೊತ್ತು ಯಾರಿಗಿದೆ!

ಎದ್ದ ಅಂಚನ್ನಷ್ಟೇ 2000 ನಂಬರಿನ ಸ್ಯಾಂಡ್ ಪೇಪರ್‌ನಲ್ಲಿ, ಎಣ್ಣೆ ಹಚ್ಚಿ, ಪೈಪಿನ ಸುತ್ತ ತಿಕ್ಕಿದೆ. ಉದ್ದಕ್ಕೆ ತಿಕ್ಕಿದರೆ ಆ ಗೀರಿನಲ್ಲೇ ಎಣ್ಣೆ ದಾರಿ ಮಾಡಿಕೊಳ್ಳುತ್ತದೆ. ಎಣ್ಣೆಯಂಶ ಪೂರ್ತಿ ತೆಗೆದು, ಕುಳಿಗೆ ಎರಡು ಟ್ಯೂಬ್ ಕಲಸುವ ಎಪಾಕ್ಸಿ ಅಂಟು ತುಂಬಿ, ಒಣಗಿದ ಮೇಲೆ ಸಮ ಮಾಡಿದೆ. ಇದು ಸಣ್ಣ ಚುಕ್ಕೆಗಷ್ಟೇ ಮದ್ದು. ಸೀಲ್ ಓಡಾಡುವ ಜಾಗದಲ್ಲಿ ಕ್ರೋಮ್ ಹಪ್ಪಳದಂತೆ ಎದ್ದಿದ್ದರೆ ಹೊಸ ಪೈಪೇ ಹಾಕಬೇಕು. ಪೈಪ್ ಬಾಗಿದೆಯಾ ಅಂತ ಅಡುಗೆಮನೆಯ ಗ್ರಾನೈಟ್ ಕಟ್ಟೆ ಮೇಲೆ ಉರುಳಿಸಿ ನೋಡಿದೆ. ಕೆಳಗೆ ಬೆಳಕು ಕಾಣಲಿಲ್ಲ, ಸರಿಯಾಗಿತ್ತು. ಕಟ್ಟೆ ತೊಳೆದುಕೊಟ್ಟೆ, ಅದು ಬೇರೆ ಮಾತು.

ಹೊಸ ಸೀಲನ್ನು ಎರಡೂ ಕಡೆ ಒಟ್ಟಿಗೆ ಹಾಕಿದೆ. ಪೈಪಿನ ತುದಿಗೆ ಪ್ಲಾಸ್ಟಿಕ್ ಕವರ್ ಸುತ್ತಿ, ಎಣ್ಣೆ ಸವರಿ ಜಾರಿಸಿದರೆ ತುಟಿ ಹರಿಯೋದಿಲ್ಲ. ಸಣ್ಣ ಸ್ಪ್ರಿಂಗ್ ಕಾಣುವ ಮುಖ ಎಣ್ಣೆಯ ಕಡೆ, ಅಂದರೆ ಕೆಳಗೆ. ಮೇಲೆ ಹಳೇ ಸೀಲ್ ಇಟ್ಟು, ನೇರವಾಗಿ ಕತ್ತರಿಸಿದ ಪಿವಿಸಿ ಪೈಪ್‌ನಿಂದ ಸಮವಾಗಿ ತಟ್ಟಿದೆ, ಕ್ಲಿಪ್ ಕೂರುವ ಕಚ್ಚು ಪೂರ್ತಿ ಕಾಣುವವರೆಗೆ. ತಳದ ಬೋಲ್ಟಿನ ತಾಮ್ರದ ವಾಷರ್ ಹೊಸದೇ ಇರಲಿ. ಇಲ್ಲದಿದ್ದರೆ ಮೇಲೆ ನಿಂತ ಸೋರಿಕೆ ಕೆಳಗೆ ಶುರುವಾಗುತ್ತದೆ.

ಎಂಜಿನ್ ಆಯಿಲ್ ಹಾಕಿದರೂ ನಡೆಯುತ್ತೆ ಅನ್ನೋರು ಬಹಳ. ನಾನು ಒಪ್ಪಲ್ಲ. 20ಡಬ್ಲ್ಯೂ40 ಗ್ರೇಡಿನ ಎಂಜಿನ್ ಆಯಿಲ್ ದಪ್ಪ, ಬೆಳಗಿನ ಚಳಿಗೆ ಫೋರ್ಕ್ ಗಡುಸಾಗುತ್ತದೆ. ಸರ್ವಿಸ್ ಮ್ಯಾನುಯಲ್ ಹೇಳಿದ ಫೋರ್ಕ್ ಆಯಿಲನ್ನು, ಅದು ಹೇಳಿದಷ್ಟೇ, ಅಳೆದು ಎರಡೂ ಕಡೆ ಸಮ ಹಾಕಿದೆ. ಹಳೇ ಎಣ್ಣೆ ಎಷ್ಟು ಬಂತೋ ಅಷ್ಟೇ ಹಾಕೋದು ತಪ್ಪು ಲೆಕ್ಕ. ಅದು ಸೋರಿ ಉಳಿದದ್ದು ತಾನೇ. ಕ್ಯಾಪ್ ಹಾಕುವ ಮುಂಚೆ ಪೈಪನ್ನು ನಿಧಾನಕ್ಕೆ ಮೇಲೆ ಕೆಳಗೆ ಆಡಿಸಿ ಗಾಳಿ ಬಿಡಿಸಬೇಕು.

ಜೋಡಿಸುವಾಗ ಚಕ್ರದ ಆಕ್ಸಲ್ ನಟ್ ಸುಮ್ನೆ ಸಡಿಲವಾಗಿ ಕೂರಿಸಿ, ಬೈಕ್ ಕೆಳಗಿಳಿಸಿ, ಫೋರ್ಕ್ ಚೆನ್ನಾಗಿ ಒತ್ತಿ ಬಿಟ್ಟು, ಆಮೇಲೆ ಬಿಗಿ ಮಾಡಿದೆ. ಎರಡು ಫೋರ್ಕ್‌ಗಳೂ ತಮ್ಮ ಜಾಗ ತಾವೇ ಹುಡುಕಿಕೊಳ್ಳುತ್ತವೆ. ಓಡಿಸಿ ಬಂದ ಮೇಲೆ ಪೈಪ್ ಮೇಲೆ ತೆಳ್ಳಗೆ ಹೊಳಪಿದ್ದರೆ ಚಿಂತೆಯಿಲ್ಲ. ಉಂಗುರದಂತೆ ಎಣ್ಣೆ ನಿಂತರೆ ಮತ್ತೆ ಬಿಚ್ಚಬೇಕು. ನನ್ನದರಲ್ಲಿ ಉಂಗುರ ಬರಲಿಲ್ಲ. ಈಗ ಮಳೆಯಲ್ಲಿ ಓಡಿಸಿ ಬಂದ ದಿನ ಪೈಪ್ ಎರಡನ್ನೂ ಬಟ್ಟೆಯಲ್ಲಿ ಒರೆಸಿಯೇ ಗಾಡಿ ಒಳಗಿಡುತ್ತೇನೆ. ಪೈಪ್ ಮುಚ್ಚುವ ರಬ್ಬರ್ ಬೂಟ್ ಹಾಕು ಅಂತ ಕೆಲವರು ಹೇಳಿದರು. ನಮ್ಮೂರ ತೇವಕ್ಕೆ ಅದು ನೀರು ಹಿಡಿದಿಟ್ಟು ತುಕ್ಕು ಜಾಸ್ತಿ ಮಾಡುತ್ತದೆ ಅಂತ ನಾನು ಹಾಕಿಲ್ಲ.