ಪುಕ್ಸಟ್ಟೆ ಕ್ಯಾಂಪಿನಿಂದ 20 ರೂಪಾಯಿ ಚೀಟಿವರೆಗೆ

ನಾನು ಡಾಕ್ಟರ್ ಅಲ್ಲ. ಚಿತ್ರದುರ್ಗದ ಕಡೆ ಒಂದು ಟ್ರಸ್ಟಿನ ಕಣ್ಣಾಸ್ಪತ್ರೆಯಲ್ಲಿ ಕ್ಯಾಂಪ್ ಆಯೋಜಕನಾಗಿ ಸೇರಿದವನು. ಊರೂರಿಗೆ ಹೋಗಿ ಮೈಕಿನಲ್ಲಿ ಕೂಗುವುದು, ಶಾಲೆಯ ಬೀಗದ ಕೈ ಇಸ್ಕೊಳ್ಳುವುದು, ಬೆಂಚು ಜೋಡಿಸುವುದು, ಆಪರೇಷನ್‌ಗೆ ಆಯ್ಕೆಯಾದವರನ್ನು ಬಸ್ಸಿಗೆ ಹತ್ತಿಸುವುದು. ಇದೇ ನನ್ನ ಕೆಲಸ. ಈಗ ನಮ್ಮ ಆಸ್ಪತ್ರೆಗೆ ತಾಲ್ಲೂಕುಗಳಲ್ಲಿ ಐದು ಕಣ್ಣಿನ ಕೇಂದ್ರಗಳಿವೆ. ಅವುಗಳ ಉಸ್ತುವಾರಿ ನನ್ನದು. ಆಸ್ಪತ್ರೆ ಹೇಗೆ ಬೆಳೆಯಿತು ಅಂತ ಹೊಸ ಹುಡುಗರು ಕೇಳುತ್ತಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನನಗೆ ಕ್ಯಾಂಪ್ ಅಂದರೆ ಚಿಕ್ಕಂದಿನಿಂದ ಒಂಥರಾ ಜಾತ್ರೆ. ನಮ್ಮ ಅಜ್ಜಿಗೆ ಪೊರೆ ತೆಗೆದದ್ದು ಡಾ. ಎಂ. ಸಿ. ಮೋದಿಯವರ ಕ್ಯಾಂಪಿನಲ್ಲಿ. ಬಿಜಾಪುರದ ಕಡೆಯ ಬೀಳಗಿಯಲ್ಲಿ ಹುಟ್ಟಿದ ಮೋದಿಯವರು ಆ ಕಾಲಕ್ಕೆ ದೇವರ ಹಾಗೆ. ಶಾಲೆ, ಛತ್ರ, ಎಲ್ಲಿ ಜಾಗ ಸಿಕ್ಕರೆ ಅಲ್ಲೇ ಆಪರೇಷನ್. ಒಂದೇ ದಿನದಲ್ಲಿ 833 ಪೊರೆ ಆಪರೇಷನ್ ಮಾಡಿದ ಅವರ ದಾಖಲೆ ಗಿನ್ನೆಸ್ ಪುಸ್ತಕಕ್ಕೆ ಸೇರಿತ್ತು. ಆಗ ಕಣ್ಣೊಳಗೆ ಲೆನ್ಸ್ ಕೂರಿಸುವ ಪದ್ಧತಿ ಹಳ್ಳಿಗಳಿಗೆ ಬಂದಿರಲಿಲ್ಲ. ಪೊರೆ ತೆಗೆದು ದಪ್ಪ ಸೋಡಾಬುಡ್ಡಿ ಕನ್ನಡಕ ಕೊಡುತ್ತಿದ್ದರು. ಅಜ್ಜಿಯ ಕನ್ನಡಕ ಎರಡನೇ ವರ್ಷ ಒಡೆಯಿತು. ಮತ್ತೆ ಕೊಡಿಸಲು ಯಾರಿಗೂ ತೋಚಲಿಲ್ಲ. ಆಪರೇಷನ್ ಚೆನ್ನಾಗಿಯೇ ಆಗಿತ್ತು, ಆದರೂ ಕೊನೇ ಏಳೆಂಟು ವರ್ಷ ಅಜ್ಜಿ ಗೋಡೆ ತಡವಿಕೊಂಡೇ ಓಡಾಡಿದಳು. ಕ್ಯಾಂಪ್ ಎತ್ತಿಕೊಂಡು ಹೋದಮೇಲೆ ಊರಲ್ಲಿ ಕೇಳಲು ಯಾರಿದ್ದರು?

ಇದು ಗೊತ್ತಿದ್ದೂ ನಾನು ಎಷ್ಟೋ ವರ್ಷ ಅದೇ ಕ್ಯಾಂಪ್ ನಡೆಸಿದೆ. ನಮ್ಮದು ಉಚಿತ. ತಪಾಸಣೆ ಉಚಿತ, ಆಪರೇಷನ್ ಉಚಿತ, ಲೆನ್ಸ್ ಉಚಿತ, ಊಟವೂ ಉಚಿತ. ಆದರೂ ಪೊರೆ ಇದೆ ಅಂತ ಚೀಟಿ ಬರೆದು ಕೊಟ್ಟವರಲ್ಲಿ ಬಸ್ ಹತ್ತುವವರು ಕಮ್ಮಿ. ಜನಕ್ಕೆ ತಿಳುವಳಿಕೆ ಇಲ್ಲ ಅಂತ ನಾವು ನಾವೇ ಮಾತಾಡಿಕೊಳ್ಳುತ್ತಿದ್ದೆವು. ಒಂದು ಸಲ ಚಳ್ಳಕೆರೆ ಕಡೆ ಒಬ್ಬ ಅಜ್ಜಿಯನ್ನು ಬಸ್ ಹತ್ತಿಸಲು ಪುಸಲಾಯಿಸುತ್ತಿದ್ದೆ. ಆಕೆ ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ.

"ಪುಕ್ಸಟ್ಟೆ ಅಂತೀಯ ಕಣಪ್ಪಾ. ನಿಂಗೆ ಪುಕ್ಸಟ್ಟೆ. ನನ್ ಜೊತೆ ಮಗ ಬರ್ಬೇಕು, ಅವನ ಮೂರು ದಿನದ ಕೂಲಿ ಹೋಯ್ತು. ಎಮ್ಮೆ ಯಾರು ಮೇಯಿಸ್ತಾರೆ? ಆಮೇಲೆ ತೋರ್ಸೋಕೆ ಮತ್ತೆ ಬಾ ಅಂತೀಯ, ಬಸ್ ಚಾರ್ಜ್ ನಿಮ್ಮಪ್ಪ ಕೊಡ್ತಾನಾ?"

ಬೈಸಿಕೊಂಡು ವಾಪಸ್ ಬಂದೆ. ಆಕೆಯ ಲೆಕ್ಕದಲ್ಲಿ ಒಂದು ತಪ್ಪೂ ಇರಲಿಲ್ಲ.

ಅದಾದ ಸ್ವಲ್ಪ ದಿನಕ್ಕೆ ನಮ್ಮ ಟ್ರಸ್ಟಿನವರು ನಾಲ್ಕು ಜನರನ್ನು ಮಧುರೈಗೆ ತರಬೇತಿಗೆ ಕಳಿಸಿದರು. ಒಬ್ಬ ಡಾಕ್ಟರು, ಒಬ್ಬ ಸಿಸ್ಟರು, ಒಬ್ಬ ಟ್ರಸ್ಟಿ, ಜೊತೆಗೆ ನಾನು. ಅರವಿಂದ್ ಕಣ್ಣಾಸ್ಪತ್ರೆಯವರು ಬೇರೆ ಆಸ್ಪತ್ರೆಗಳಿಗೆ ಕಲಿಸಲೆಂದೇ 1992ರಲ್ಲಿ ಒಂದು ಸಂಸ್ಥೆ ಶುರುಮಾಡಿದ್ದಾರೆ. ಲೈಕೊ ಅಂತ ಕರೆಯುತ್ತಾರೆ. ತಮ್ಮ ಗುಟ್ಟನ್ನೆಲ್ಲ ಪಕ್ಕದ ಅಂಗಡಿಯವನಿಗೆ ಹೇಳಿಕೊಡುವ ವ್ಯಾಪಾರ ಇದು. ಮೊದಲು ನನಗೆ ನಂಬಿಕೆಯೇ ಬರಲಿಲ್ಲ.

ಅರವಿಂದ್ ಬೆಳೆದ ಕಥೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಶುರುಮಾಡಿದವರು ಡಾ. ಜಿ. ವೆಂಕಟಸ್ವಾಮಿ. ಎಲ್ಲರಿಗೂ ಡಾ. ವಿ. ಹರೆಯದಲ್ಲಿ ಕೀಲುವಾತ ಬಂದು ಕೈಬೆರಳುಗಳು ಸೊಟ್ಟಗಾಗಿದ್ದವು. ಅದೇ ಬೆರಳುಗಳಲ್ಲಿ ಕತ್ತಿ ಹಿಡಿಯಲು ಕಲಿತು ಒಂದು ಲಕ್ಷಕ್ಕೂ ಹೆಚ್ಚು ಕಣ್ಣಿನ ಆಪರೇಷನ್ ಮಾಡಿದರು. ಸರ್ಕಾರಿ ಕೆಲಸದಿಂದ ನಿವೃತ್ತರಾದಾಗ 58 ವರ್ಷ. 1976ರಲ್ಲಿ ಮಧುರೈಯ ಒಂದು ಮನೆಯಲ್ಲಿ 11 ಹಾಸಿಗೆ ಹಾಕಿ ಕೂತರು. ತಮ್ಮ, ತಂಗಿ, ತಂಗಿಯ ಗಂಡ ಎಲ್ಲರೂ ಸೇರಿಕೊಂಡರು. ಒಡವೆ ಅಡವಿಟ್ಟು ಕಟ್ಟಡ ಎಬ್ಬಿಸಿದರು. 1985ರಲ್ಲಿ ತೇನಿ, 1988ರಲ್ಲಿ ತಿರುನೆಲ್ವೇಲಿ, 1997ರಲ್ಲಿ ಕೊಯಮತ್ತೂರು, 2003ರಲ್ಲಿ ಪಾಂಡಿಚೇರಿ, ಹೀಗೆ ಒಂದೊಂದೇ ಊರಿಗೆ ಹಬ್ಬಿತು. ಆಮೇಲೆ ಚೆನ್ನೈ, ತಿರುಪತಿ. ಡಾ. ವಿ 2006ರಲ್ಲಿ ತೀರಿಕೊಂಡರು. ನಾವು ಹೋದಾಗ ಅವರು ಇರಲಿಲ್ಲ, ಅವರ ಮಾತು ಮಾತ್ರ ಎಲ್ಲರ ಬಾಯಲ್ಲೂ ಇತ್ತು.

ನಮ್ಮ ಡಾಕ್ಟರು ಬೆರಗಾಗಿ ನಿಂತದ್ದು ಆಪರೇಷನ್ ಥಿಯೇಟರಿನಲ್ಲಿ. ಒಬ್ಬ ಸರ್ಜನ್‌ಗೆ ಅಕ್ಕಪಕ್ಕ ಎರಡು ಟೇಬಲ್. ಒಂದರ ಮೇಲೆ ಆಪರೇಷನ್ ಆಗುತ್ತಿರುವಾಗಲೇ ಇನ್ನೊಂದರ ಮೇಲೆ ಮುಂದಿನ ರೋಗಿಯನ್ನು ಸಿದ್ಧ ಮಾಡಿ ಮಲಗಿಸಿರುತ್ತಾರೆ. ಮುಗಿದ ತಕ್ಷಣ ಮೈಕ್ರೋಸ್ಕೋಪ್ ಆ ಕಡೆ ತಿರುಗುತ್ತದೆ. ಹೊಲಿಗೆ ಇಲ್ಲದ ಸಣ್ಣ ಗಾಯದ ಆಪರೇಷನ್, ನಿಮಿಷಗಳ ಲೆಕ್ಕದಲ್ಲಿ ಮುಗಿಯುತ್ತದೆ. ಅಲ್ಲಿ ಒಬ್ಬ ಸರ್ಜನ್ ವರ್ಷಕ್ಕೆ ಸುಮಾರು ಎರಡು ಸಾವಿರ ಪೊರೆ ತೆಗೆಯುತ್ತಾರೆ. ಯಾರ ಕೈಯಲ್ಲಿ ಎಷ್ಟು ಜನಕ್ಕೆ ತೊಂದರೆ ಆಯಿತು ಅನ್ನುವ ಲೆಕ್ಕವನ್ನೂ ಬಿಡದೆ ಇಡುತ್ತಾರೆ. ಡಾಕ್ಟರ್ ಮಾಡಲೇಬೇಕಾದ ಕೆಲಸ ಬಿಟ್ಟು ಉಳಿದದ್ದೆಲ್ಲ ಹಳ್ಳಿ ಹೆಣ್ಣುಮಕ್ಕಳ ಕೈಯಲ್ಲಿ. ಪಿಯುಸಿ ಮುಗಿಸಿದ ಹುಡುಗಿಯರನ್ನು ಆರಿಸಿ ಎರಡು ವರ್ಷ ಕಲಿಸುತ್ತಾರೆ. ನೀಲಿ ಸೀರೆಯೋ ಹಸಿರು ಸೀರೆಯೋ ಈಗ ನೆನಪಿಲ್ಲ, ಕಾರಿಡಾರ್ ತುಂಬ ಅವರೇ.

ಲೆನ್ಸಿನ ಕಥೆಯೂ ದೊಡ್ಡದೇ. ಹೊರದೇಶದಿಂದ ತರಿಸುವ ಲೆನ್ಸಿಗೆ ನೂರು ಡಾಲರ್ ಹತ್ತಿರ ಬೀಳುತ್ತಿತ್ತಂತೆ. 1992ರಲ್ಲಿ ಆರೋಲ್ಯಾಬ್ ಅಂತ ತಮ್ಮದೇ ಕಾರ್ಖಾನೆ ಹಾಕಿ ಅದನ್ನು ಹತ್ತು ಡಾಲರ್ ಆಸುಪಾಸಿಗೆ ಇಳಿಸಿದರು. ನಮ್ಮ ಅಜ್ಜಿಯ ಸೋಡಾಬುಡ್ಡಿ ಕಾಲ ಮುಗಿದದ್ದು ಇಂಥ ಅಗ್ಗದ ಲೆನ್ಸುಗಳಿಂದ.

ನನಗೆ ಹಿಡಿಸಿದ್ದು ಇದ್ಯಾವುದೂ ಅಲ್ಲ. ಪಾಠದ ಮಧ್ಯೆ ಒಬ್ಬರು ಒಂದು ಸಂಖ್ಯೆ ಹೇಳಿದರು. ತಮಿಳುನಾಡಿನ ಹಳ್ಳಿಗಳಲ್ಲಿ ಸಮೀಕ್ಷೆ ಮಾಡಿದಾಗ, ಕಣ್ಣಿನ ತೊಂದರೆ ಇದ್ದವರಲ್ಲಿ ಕ್ಯಾಂಪಿಗೆ ಬಂದವರು ನೂರಕ್ಕೆ ಸುಮಾರು ಏಳು ಜನ. ಏಳೇ ಏಳು! ಕ್ಯಾಂಪಿನಲ್ಲೇ ಹೆಸರು ಮಾಡಿದವರು ಇದನ್ನು ಮುಚ್ಚಿಡದೆ ಪ್ರಕಟಿಸಿದ್ದರು. ಆ ಏಳರ ಪಕ್ಕದಲ್ಲಿ ಚಳ್ಳಕೆರೆ ಅಜ್ಜಿಯ ಬೈಗುಳ ಇಟ್ಟು ನೋಡಿದೆ. ಉಳಿದ 93 ಜನ ಎಲ್ಲಿದ್ದಾರೆ ಅಂತ ಹೊಳೆಯಿತು. ಮನೆಯಲ್ಲಿ ಎಮ್ಮೆ ನೋಡಿಕೊಂಡು ಕೂತಿದ್ದಾರೆ.

ಅರವಿಂದ್‌ನವರು ಅದಕ್ಕೆ ಕಂಡುಕೊಂಡ ದಾರಿ, ಹಳ್ಳಿಗಳ ನಡುವೆ ಸದಾ ತೆರೆದಿರುವ ಪುಟ್ಟ ಕೇಂದ್ರ. 2004ರ ಹೊತ್ತಿಗೆ ಶುರುವಾಯಿತು. ಡಾಕ್ಟರ್ ಇರುವುದಿಲ್ಲ. ತರಬೇತಿ ಪಡೆದ ಇಬ್ಬರು ಹುಡುಗಿಯರು, ಕಣ್ಣನ್ನು ದೊಡ್ಡದಾಗಿ ತೋರಿಸುವ ಒಂದು ಸ್ಲಿಟ್ ಲ್ಯಾಂಪು, ಒಂದು ಕಂಪ್ಯೂಟರು. ಕಣ್ಣು ನೋಡಿ ಫೋಟೋ ತೆಗೆದು ಕಳಿಸುತ್ತಾರೆ. ಆಸ್ಪತ್ರೆಯಲ್ಲಿ ಕೂತ ಡಾಕ್ಟರು ಪರದೆ ಮೇಲೆ ರೋಗಿಯ ಜೊತೆ ಮಾತಾಡುತ್ತಾರೆ. ತೇನಿ ಕಡೆ ಇಂಟರ್ನೆಟ್ ಇಲ್ಲದ ಕಾಲದಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದವರ ಜೊತೆ ಸೇರಿ ದೂರದೂರಕ್ಕೆ ವೈಫೈ ಹಾಯಿಸಿದ್ದರು. ಈಗ ಅಂಥ ಕೇಂದ್ರಗಳು ನೂರು ದಾಟಿವೆ. ನಾವು ಹೋದಾಗ ಅಲ್ಲಿ ಕಣ್ಣು ತೋರಿಸುವ ಚೀಟಿಗೆ 20 ರೂಪಾಯಿ ಇತ್ತು. ಆ ಚೀಟಿ ಮೂರು ತಿಂಗಳು ನಡೆಯುತ್ತಿತ್ತು.

ಊರಿಗೆ ಬಂದು ನಾವೂ ಹೀಗೇ ಮಾಡೋಣ ಅಂತ ಹೇಳಿದಾಗ ನಮ್ಮವರೇ ಒಪ್ಪಲಿಲ್ಲ. ಇಷ್ಟು ವರ್ಷ ಉಚಿತ ಅಂದು ಈಗ ದುಡ್ಡು ಕೇಳೋದಾ? ಹೆಸರು ಕೆಡುತ್ತೆ ಅಂದರು. ಒಂದು ವರ್ಷ ನೋಡೋಣ ಅಂತ ಹೇಗೋ ಒಪ್ಪಿಸಿದೆ.

ಮೊದಲ ಕೇಂದ್ರಕ್ಕೆ ಜಾಗ ಹುಡುಕಿದವನು ನಾನೇ, ಎಡವಟ್ಟು ಮಾಡಿದವನೂ ನಾನೇ. ಬಸ್ ಸ್ಟ್ಯಾಂಡ್ ಎದುರಿಗೇ ಮಳಿಗೆ, ಬಾಡಿಗೆಯೂ ಕಮ್ಮಿ ಅಂತ ಮುಂಗಡ ಕೊಟ್ಟುಬಿಟ್ಟೆ. ಬಾಡಿಗೆ ಯಾಕೆ ಕಮ್ಮಿ ಅಂದರೆ ಅದು ಮೊದಲನೇ ಮಹಡಿ. ಪೊರೆ ಬಂದವರು, ಮಂಡಿ ನೋವಿನವರು, ಕಿರಿದಾದ ಹದಿನೆಂಟು ಮೆಟ್ಟಿಲು ಹತ್ತಬೇಕು. ಮೊದಲ ದಿನ ಏಳು ಜನ ಬಂದರು, ಎರಡನೇ ದಿನ ಮೂರು. ಕೆಳಗಿನ ಬೇಕರಿಯವರು ಪಾಪ, ಅಜ್ಜಂದಿರನ್ನು ಬೆಂಚಿನ ಮೇಲೆ ಕೂರಿಸಿ ನಮ್ಮ ಹುಡುಗಿಯರನ್ನು ಕೂಗಿ ಕರೆಯುತ್ತಿದ್ದರು. ಅವರು ಟಾರ್ಚ್ ಹಿಡಿದು ಕೆಳಗಿಳಿದು ನೋಡುತ್ತಿದ್ದರು. ಐದು ತಿಂಗಳಾದ ಮೇಲೆ ನೆಲಮಹಡಿಗೆ ಬಂದೆವು. ಬಾಡಿಗೆ ಡಬಲ್ಲು, ಜನ ಅದಕ್ಕಿಂತ ಜಾಸ್ತಿ.

ಎರಡನೇ ತಪ್ಪು ಕನ್ನಡಕದ್ದು. ಕೇಂದ್ರಕ್ಕೆ ಬರುವವರಲ್ಲಿ ಜಾಸ್ತಿ ಜನಕ್ಕೆ ಆಪರೇಷನ್ ಬೇಕಿಲ್ಲ, ಕನ್ನಡಕ ಬೇಕು. ನಲವತ್ತು ದಾಟಿದವರಿಗೆ ಚಾಳೀಸು. ಅಕ್ಕಿಯಲ್ಲಿ ಕಲ್ಲು ಕಾಣುವುದಿಲ್ಲ, ಸೂಜಿಗೆ ದಾರ ಪೋಣಿಸಲು ಮೊಮ್ಮಗಳನ್ನು ಕರೆಯಬೇಕು. ಇದನ್ನು ರೋಗ ಅಂತ ಯಾರೂ ಲೆಕ್ಕಕ್ಕೇ ಹಿಡಿದಿರುವುದಿಲ್ಲ. ನಾವು ನಂಬರ್ ಬರೆದುಕೊಂಡು ಆಸ್ಪತ್ರೆಗೆ ಕಳಿಸಿ, ಒಂದು ವಾರ ಬಿಟ್ಟು ಬನ್ನಿ ಅನ್ನುತ್ತಿದ್ದೆವು. ಮತ್ತೆ ಬಸ್ ಚಾರ್ಜು, ಮತ್ತೆ ಕೂಲಿ! ತಯಾರಾದ ಕನ್ನಡಕಗಳು ಡಬ್ಬಿಯಲ್ಲಿ ಹಾಗೇ ಧೂಳು ಹಿಡಿದವು. ಆಮೇಲೆ ಚಾಳೀಸು ಕನ್ನಡಕಗಳನ್ನು ರೆಡಿಮೇಡ್ ತಂದಿಟ್ಟೆವು. ಬೇರೆ ನಂಬರಿಗೆ ಗಾಜು ಕೊರೆದು ಫ್ರೇಮಿಗೆ ಕೂರಿಸುವ ಸಣ್ಣ ಮಿಷನ್ ಹಾಕಿಸಿ, ಒಬ್ಬ ಹುಡುಗನಿಗೆ ಕಲಿಸಿದೆವು. ಟೀ ಕುಡಿದು ಬರುವಷ್ಟರಲ್ಲಿ ಕೈಗೆ ಕನ್ನಡಕ. ಓದು ಬಾರದವರಿಗೆ ಅಕ್ಷರದ ಬೋರ್ಡಿನ ಬದಲು ಒಂದು ತಟ್ಟೆ ಅಕ್ಕಿ, ಒಂದು ಸೂಜಿ, ಒಂದು ದಾರ ಇಟ್ಟೆವು. ಇದು ಮಧುರೈಯಿಂದ ಬಂದದ್ದಲ್ಲ, ನಮ್ಮ ಹುಡುಗಿಯರ ತಲೆ.

ಖರ್ಚಿನ ಲೆಕ್ಕ ಕೇಳುವವರಿಗೆ ನೇರವಾಗಿ ಹೇಳುತ್ತೇನೆ. ಚೀಟಿ ದುಡ್ಡಿನಲ್ಲಿ ಕರೆಂಟ್ ಬಿಲ್ಲು, ಚಿಲ್ಲರೆ ಖರ್ಚು ಕಳೆಯುತ್ತದೆ, ಅಷ್ಟೇ. ಬಾಡಿಗೆ, ಸಂಬಳ ಹೊರುವುದು ಕನ್ನಡಕ. ಮೊದಲ ಕೇಂದ್ರ ಎರಡನೇ ವರ್ಷದ ಕೊನೆಗೆ ತನ್ನ ಕಾಲ ಮೇಲೆ ನಿಂತಿತು. ಆಪರೇಷನ್ ದುಡ್ಡಿಗೆ ಮಾತ್ರ ಅರವಿಂದ್ ದಾರಿಯನ್ನೇ ಹಿಡಿದೆವು. ಕೊಡುವವರು ಕೊಡುತ್ತಾರೆ, ಆಗದವರಿಗೆ ಉಚಿತ. ಯಾವ ಬಾಗಿಲಿನಿಂದ ಒಳಗೆ ಬರಬೇಕು ಅಂತ ರೋಗಿಯೇ ತೀರ್ಮಾನ ಮಾಡಬೇಕು. ರೇಷನ್ ಕಾರ್ಡ್ ಕೇಳುವುದಿಲ್ಲ. ವ್ಯತ್ಯಾಸ ಇರುವುದು ರೂಮಿನಲ್ಲಿ, ಹಾಸಿಗೆಯಲ್ಲಿ. ಡಾಕ್ಟರು ಎರಡೂ ಕಡೆಗೆ ಅವರೇ. ಬಂಗಾರದ ಬಳೆ ತೊಟ್ಟವರು ಉಚಿತದ ಸಾಲಿನಲ್ಲಿ ನಿಂತದ್ದು ನೋಡಿದ್ದೇನೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಹತ್ತು ಜನರನ್ನು ಜರಡಿ ಹಿಡಿಯಲು ಹೋಗಿ ಒಬ್ಬ ಬಡವ ನಾಚಿಕೊಂಡು ವಾಪಸ್ ಹೋಗುವುದಕ್ಕಿಂತ ಇದೇ ವಾಸಿ ಅಂತ ಈಗ ಅನ್ನಿಸುತ್ತದೆ.

ಇಬ್ಬರು ಹುಡುಗಿಯರು ಸಾಕು ಅಂದುಕೊಂಡದ್ದೂ ತಪ್ಪೇ. ಒಬ್ಬಳಿಗೆ ಮದುವೆಯಾಯಿತು, ಇನ್ನೊಬ್ಬಳಿಗೆ ಬೆಂಗಳೂರಿನ ಕನ್ನಡಕದ ಅಂಗಡಿ ಡಬಲ್ ಸಂಬಳ ಕೊಟ್ಟಿತು. ಮೂರು ವಾರ ಬಾಗಿಲು ಹಾಕಬೇಕಾಯಿತು. ಈಗ ಸದಾ ಒಬ್ಬರು ಹೆಚ್ಚಿಗೆ ಕಲಿಯುತ್ತಿರುತ್ತಾರೆ. ಆದಷ್ಟೂ ಅದೇ ತಾಲ್ಲೂಕಿನವರನ್ನು ತೆಗೆದುಕೊಳ್ಳುತ್ತೇವೆ. "ಯಾರ ಮಗಳಮ್ಮಾ ನೀನು?" ಅಂತ ಕೇಳಿ, ಗುರುತು ಸಿಕ್ಕಿತು ಅಂದರೆ ಅಜ್ಜಂದಿರು ಕಣ್ಣು ಮುಟ್ಟಲು ಬಿಡುತ್ತಾರೆ.

ವೇಳೆ ಬದಲಾಯಿಸಿದ್ದೂ ಕೆಲಸ ಮಾಡಿತು. ಸಂತೆಯ ದಿನ ಬೆಳಿಗ್ಗೆ ಏಳಕ್ಕೇ ಬಾಗಿಲು ತೆಗೆಯುತ್ತೇವೆ. ಶೇಂಗಾ ಬಿತ್ತುವಾಗ, ಕೀಳುವಾಗ ಆಪರೇಷನ್ ಮಾತೆತ್ತಿದರೆ ಉಪಯೋಗವಿಲ್ಲ. ಬೇಸಿಗೆಯಲ್ಲಿ ಪುರುಸೊತ್ತು ಇರುತ್ತದೆ, ಆದರೆ ಬಿಸಿಲಿಗೆ ಕಣ್ಣು ಕೀವು ಕಟ್ಟುತ್ತೆ ಅನ್ನುವ ಹೆದರಿಕೆ. ಜೊತೆಗೆ "ಪೊರೆ ಇನ್ನೂ ಬಲಿತಿಲ್ಲ" ಅನ್ನುವ ಹಳೇ ಮಾತು. ಹಿಂದೆ ಲೆನ್ಸ್ ಹಾಕದೆ ಪೊರೆ ತೆಗೆಯುವಾಗ ಬಲಿಯುವ ತನಕ ಕಾಯುತ್ತಿದ್ದರು, ಅದಕ್ಕೊಂದು ಅರ್ಥವಿತ್ತು. ಈಗ ಅತಿಯಾಗಿ ಬಲಿತರೆ ಆಪರೇಷನ್ನೇ ಕಷ್ಟ. ಇದನ್ನು ನಾನು ಹೇಳಿದರೆ ಯಾರೂ ನಂಬುವುದಿಲ್ಲ. ಪರದೆ ಮೇಲೆ ನಮ್ಮ ಡಾಕ್ಟ್ರಮ್ಮ ಹೇಳಿದರೆ ಅರ್ಧ ನಂಬುತ್ತಾರೆ. ಪಕ್ಕದ ಮನೆಯ ತಿಮ್ಮಕ್ಕನೋ ರಂಗಜ್ಜನೋ ಬೇಸಿಗೆಯಲ್ಲೇ ಮಾಡಿಸಿಕೊಂಡು ಬಂದು ಕಟ್ಟೆ ಮೇಲೆ ಕೂತರೆ ಪೂರ್ತಿ ನಂಬುತ್ತಾರೆ.

ಕ್ಯಾಂಪ್ ನಿಂತಿಲ್ಲ. ಲೀಡರುಗಳ ಹುಟ್ಟುಹಬ್ಬಕ್ಕೆ ಬ್ಯಾನರ್ ಕಟ್ಟಿ ಮಾಡಿಸುವವರು ಈಗಲೂ ಕರೆಯುತ್ತಾರೆ, ಹೋಗುತ್ತೇವೆ. ಒಂದೇ ಷರತ್ತು. ಕೇಂದ್ರಕ್ಕೆ ಹತ್ತಿರದ ಊರಾಗಿರಬೇಕು, ನಾಳೆ ಹೋಗಿ ಕೇಳಲು ಒಂದು ಬಾಗಿಲು ಇರಬೇಕು.

ನಮ್ಮ ಕೈಗೆ ಇನ್ನೂ ಬಗ್ಗದಿರುವುದು ಗ್ಲಾಕೋಮಾ, ಕಣ್ಣಿನ ನರ ಹಾಳಾಗಿ ಮೆಲ್ಲಗೆ ದೃಷ್ಟಿ ಹೋಗುವ ಕಾಯಿಲೆ. ಪೊರೆ ತೆಗೆದರೆ ಮಾರನೇ ದಿನ ಬೆಳಕು. ಗ್ಲಾಕೋಮಾಗೆ ದಿನಾ ಡ್ರಾಪ್ಸ್ ಹಾಕಬೇಕು. ಹಾಕಿದರೂ ಹೋದ ದೃಷ್ಟಿ ಬರುವುದಿಲ್ಲ, ಇರುವುದು ಉಳಿಯುತ್ತದೆ, ಅಷ್ಟೇ. ಸಾಮಾನ್ಯವಾಗಿ ನೋವೂ ಇರುವುದಿಲ್ಲ. ಎರಡು ಬಾಟ್ಲಿ ಮುಗಿದಮೇಲೆ ಬಿಟ್ಟುಬಿಡುತ್ತಾರೆ. ಈಗ ಪ್ರತಿ ಕೇಂದ್ರದಲ್ಲೂ ಒಂದು ನೋಟ್‌ಬುಕ್ ಇಟ್ಟಿದ್ದೇವೆ. ಡ್ರಾಪ್ಸ್ ಯಾವತ್ತು ತೀರುತ್ತದೆ ಅಂತ ಲೆಕ್ಕ ಹಾಕಿ ಹುಡುಗಿಯರು ಫೋನ್ ಮಾಡುತ್ತಾರೆ. ಫೋನ್ ಎತ್ತುವುದು ಸಾಮಾನ್ಯವಾಗಿ ಮಗ, ಅವನು ಬೆಂಗಳೂರಿನಲ್ಲಿ ಇರುತ್ತಾನೆ. "ಹೇಳ್ತೀನಿ ಮೇಡಂ" ಅನ್ನುತ್ತಾನೆ. ಹೋದ ತಿಂಗಳಿಂದ ಮಗನ ನಂಬರ್ ಜೊತೆಗೆ ಆಯಾ ಊರಿನ ಆಶಾ ಕಾರ್ಯಕರ್ತೆಯ ನಂಬರನ್ನೂ ಬರೆದುಕೊಳ್ಳಲು ಶುರುಮಾಡಿದ್ದೇವೆ.